ಹಿಂದಿನ ಗಾಲಿಯ ಕರಕರ

ಕಲಬುರಗಿಯ ಕೋಟೆಯ ಮಗ್ಗುಲಿನ ಓಣಿಯಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯರೊಬ್ಬರನ್ನು ಊಹಿಸಿಕೊಳ್ಳಿ. ತಂದೆಯವರ ಕಾಲದ ಸೈಕಲ್ಲು ಅವರಿಗೆ ಬಂದಿದೆ. ಚೌಕಟ್ಟು ಗಟ್ಟಿಯಾಗಿದೆ, ಬ್ರೇಕಿನ ಸರಳುಗಳು ನೇರವಾಗಿವೆ, ಗಂಟೆಯ ದನಿಯೂ ಕುಂದಿಲ್ಲ. ಆದರೆ ತಿಂಗಳೊಂದರಿಂದ ಹಿಂದಿನ ಗಾಲಿಯಲ್ಲಿ ಕರಕರ ಸದ್ದು. ಕಂದಕದ ಬದಿಯ ನಿಶ್ಶಬ್ದದಲ್ಲಿ ಅದು ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ. ದುರಸ್ತಿಯ ಅಂಗಡಿಗೆ ಒಯ್ದರೆ, “ಗಾಲೀನೇ ಮುಗದದರಿ ಮಾಸ್ತರ, ಹೊಸಾದು ಹಾಕಿಸಿಬಿಡ್ರಿ” ಎಂಬ ಉತ್ತರ ಬರುತ್ತದೆ.

ಮುಗಿದಿರುವುದು ಗಾಲಿಯೇ? ಹತ್ತರಲ್ಲಿ ಎಂಟು ಬಾರಿ ಅಲ್ಲ. ಸವೆದಿರುವುದು ಹೆಬ್ಬೆರಳಿನ ಗಾತ್ರದ ಒಂದು ಉಕ್ಕಿನ ತುಂಡು; ಅದರ ಹೆಸರು ಕೋನ್. ಅದನ್ನು ಸಕಾಲದಲ್ಲಿ ಬದಲಿಸಿದರೆ ಹಬ್ಬು, ಕಡ್ಡಿ, ರಿಮ್ಮು ಎಲ್ಲವೂ ಉಳಿಯುತ್ತವೆ. ಅಲಕ್ಷಿಸಿದರೆ ಮಾತ್ರ ಅಂಗಡಿಯವನ ಮಾತು ನಿಜವಾಗುತ್ತದೆ.

ಹಬ್ಬಿನ ಒಳರಚನೆ ಬಹು ಸರಳ. ನಡುವೆ ಇರುಸು, ಅದರ ಎರಡು ಕಡೆಗೂ ತಿರುಪಿನಂತೆ ಕುಳಿತ ಕೋನುಗಳು, ಹಬ್ಬಿನ ಒಳಗೋಡೆಗೆ ಬಟ್ಟಲಿನಂತಹ ಕಪ್ಪುಗಳು, ಇವೆರಡರ ನಡುವೆ ಉರುಳುವ ಗುಂಡುಗಳು. ಹಳೆಯ ಮಾದರಿಯ ಹಿಂದಿನ ಗಾಲಿಯಲ್ಲಿ ಸಾಮಾನ್ಯವಾಗಿ ಕಾಲಂಗುಲದ ಗುಂಡುಗಳು, ಒಂದೊಂದು ಬದಿಗೆ ಒಂಬತ್ತು. ಸವಾರನ ಭಾರದ ಹೆಚ್ಚಿನ ಪಾಲು ಬೀಳುವುದು ಇವುಗಳ ಮೇಲೆಯೇ. ಕಮಲಾಪುರದ ಕೆಂಪು ಬಾಳೆಯ ಎರಡು ಗೊನೆಗಳನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು ಹೊರಟರಂತೂ ಹೇಳುವುದೇ ಬೇಡ. ಇದರ ಜೊತೆಗೆ ಈ ಸೀಮೆಯ ಎರೆಮಣ್ಣಿನ ಧೂಳು ಹಬ್ಬಿನೊಳಗೆ ಸೇರಿ ಗ್ರೀಸಿನೊಂದಿಗೆ ಅರೆಯುವ ಹಿಟ್ಟಾಗುತ್ತದೆ. ಕೋನಿನ ಮೇಲ್ಪದರ ಮಾತ್ರ ಬಹಳ ಗಡುಸು. ಅದು ಒಡೆದರೆ ಕೆಳಗಿನ ಮೆದು ಲೋಹದಲ್ಲಿ ಕುಳಿಗಳು ಬೀಳುವುದಕ್ಕೆ ತಡವಿಲ್ಲ.

ರೋಗವನ್ನು ಗುರುತಿಸುವುದು ಹೇಗೆ? ಮೊದಲು ಗಾಲಿಯ ನಟ್ಟುಗಳು ಬಿಗಿಯಾಗಿವೆಯೆ ಎಂದು ನೋಡಬೇಕು. ಬಳಿಕ ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಬೇಕು. ‘ಕಟಕಟ’ ಎಂದರೆ ಕೋನು ಸಡಿಲಾಗಿದೆ, ಇಲ್ಲವೆ ಸವೆದಿದೆ. ಬಿಗಿಮಾಡಿದ ಮೇಲೆ ಗಾಲಿ ಒಂದೆಡೆ ಹಿಡಿದು ಇನ್ನೊಂದೆಡೆ ಸಡಿಲಾಗುವುದಾದರೆ ಕೋನಿನಲ್ಲಿ ಕುಳಿ ಬಿದ್ದಿರಬೇಕು, ಅಥವಾ ಇರುಸು ಬಾಗಿರಬೇಕು. ಗಾಲಿ ನಿಂತಿರುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಕರಕರ ಕೇಳಿಸುತ್ತದೆಯೆ? ಹಾಗಾದರೆ ತಪ್ಪು ಫ್ರೀವೀಲಿನದು, ಕೋನನ್ನು ದೂಷಿಸಬೇಕಾಗಿಲ್ಲ. ಈ ಒಂದು ಪರೀಕ್ಷೆಯನ್ನು ಮಾಡದೆ ಎಷ್ಟೋ ಮಂದಿ ಬೇಡದ ಸಾಮಾನಿಗೆ ಹಣ ತೆತ್ತಿದ್ದಾರೆ.

ಸೈಕಲ್ಲನ್ನು ಮಗುಚಿ, ಚೈನನ್ನು ಕಳಚಿ ಗಾಲಿಯನ್ನು ಹೊರತೆಗೆದ ಮೇಲೆ ಕೆಳಗೊಂದು ಹಳೆಯ ಬಿಳಿಯ ಬಟ್ಟೆಯನ್ನು ಹಾಸಬೇಕು. ಗುಂಡುಗಳು ಉರುಳಿ ಕಪಾಟಿನಡಿ ಸೇರಿದರೆ ಮನೆಯವರೆಲ್ಲ ಮಂಡಿಯೂರಿ ಹುಡುಕಬೇಕಾದೀತು! ಎಡಬದಿಯ ಲಾಕ್‌ನಟ್ಟನ್ನು ಸಡಿಲಿಸುವಾಗ ಕೋನನ್ನು ತೆಳುವಾದ ಪಾನಾದಿಂದ ಹಿಡಿಯಬೇಕು. ಅನಂತರ ಇರುಸನ್ನು ಬಲಕ್ಕೆ ಮೆಲ್ಲನೆ ಎಳೆದರೆ ಸಾಕು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರಸಿ ಬೆಳಕಿಗೆ ಹಿಡಿದು ನೋಡಬೇಕು. ಗುಂಡು ಓಡಿದ ದಾರಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಚಿಂತೆಯಿಲ್ಲ. ಉಗುರಿಗೆ ಕುಳಿ ತಗುಲಿದರೆ ಆ ಕೋನಿನ ಆಯುಸ್ಸು ತೀರಿತು. ಕಪ್ಪುಗಳನ್ನೂ ಹೀಗೆಯೇ ಪರೀಕ್ಷಿಸಬೇಕು. ಅವೂ ಕೆಟ್ಟಿದ್ದರೆ ಕೆಲಸ ಕುಶಲ ಕೈಯವರದು. ಕೆಲವು ಹಬ್ಬುಗಳಲ್ಲಿ ಅವನ್ನು ಬದಲಿಸಲು ಬರುವುದೂ ಇಲ್ಲ. ಇರುಸನ್ನು ಗಾಜಿನ ಹಾಳೆಯ ಮೇಲೆ ಉರುಳಿಸಿದರೆ ಅದರ ಡೊಂಕು ಕೂಡಲೇ ತಿಳಿಯುತ್ತದೆ. ಬಾಗುವುದು, ಮುರಿಯುವುದು ಹೆಚ್ಚಾಗಿ ಬಲಬದಿಯಲ್ಲಿ. ಫ್ರೀವೀಲಿಗೆ ಸ್ಥಳ ಬಿಡಬೇಕಾದ್ದರಿಂದ ಅಲ್ಲಿ ಇರುಸಿನ ತುದಿ ಆಧಾರವಿಲ್ಲದೆ ಹೊರಚಾಚಿರುತ್ತದೆ.

ಹೊಸ ಕೋನನ್ನು ಕೊಳ್ಳುವಾಗಲೇ ಮೋಸಹೋಗುವುದು ಹೆಚ್ಚು. 1949ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್, 1951ರ ಅಟ್ಲಾಸ್, 1956ರ ಹೀರೋ, ಇವೆಲ್ಲ ಮೊದಮೊದಲು ಇಂಗ್ಲಿಷ್ ಮಾದರಿಯನ್ನೇ ಅನುಸರಿಸಿದವು; ಆದ್ದರಿಂದ ಒಂದರ ಸಾಮಾನು ಇನ್ನೊಂದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. 2020ರಲ್ಲಿ ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ನಿಂತಾಗಲೂ ಹಳೆಯ ಸೈಕಲ್ಲುಗಳ ಒಡೆಯರು ಕಂಗಾಲಾಗಬೇಕಾಗದಿದ್ದುದು ಇದರಿಂದಲೇ. ಆದರೆ ಇಂಗ್ಲಿಷ್ ಅಳತೆಯ ಹಿಂದಿನ ಇರುಸು ಅಂಗುಲದ ಎಂಟರಲ್ಲಿ ಮೂರು ಪಾಲು, ಅಂದರೆ ಸುಮಾರು 9.5 ಮಿಲಿಮೀಟರು, ಅದರ ಮರೆ ಅಂಗುಲಕ್ಕೆ 26. ಈಚಿನ ಇರುಸುಗಳು ಅನೇಕವು 10 ಮಿಲಿಮೀಟರಿನವು. ಕಣ್ಣಿಗೆ ಇವೆರಡೂ ಒಂದೇ! ಹತ್ತರ ಕೋನು ಹಳೆಯ ಇರುಸಿನ ಮೇಲೆ ಸಲೀಸಾಗಿ ಏರೀತು, ಆದರೆ ಅಲುಗಾಡುತ್ತಲೇ ಇರುತ್ತದೆ. ಆದುದರಿಂದ ಹಳೆಯ ಕೋನನ್ನೂ ಇರುಸನ್ನೂ ಅಂಗಡಿಗೆ ಕೊಂಡೊಯ್ದು, ಅಲ್ಲಿಯೇ ಬೆರಳಿನಿಂದ ತಿರುಗಿಸಿ ನೋಡುವುದು ಲೇಸು.

ಗುಂಡುಗಳನ್ನು ಎಲ್ಲವನ್ನೂ ಒಟ್ಟಿಗೇ ಹೊಸದಾಗಿ ಹಾಕಬೇಕು. ಹಳತು ಹೊಸತು ಬೆರೆತರೆ, ಕೂದಲೆಳೆಯಷ್ಟು ದೊಡ್ಡದಾದ ಹೊಸ ಗುಂಡುಗಳೇ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಕಪ್ಪಿಗೆ ಧಾರಾಳವಾಗಿ ಗ್ರೀಸು ಬಳಿದರೆ ಗುಂಡುಗಳು ತಾವಾಗಿ ಅಂಟಿ ನಿಲ್ಲುತ್ತವೆ. ಹಬ್ಬಿನ ನಡುವೆ ಎಣ್ಣೆಯ ರಂಧ್ರವಿದ್ದರೆ ಅದರೊಳಗೆ ಮುಂದೆಂದೂ ಸೀಮೆಎಣ್ಣೆ ಬಿಡಬಾರದು. ಈ ಗ್ರೀಸೆಲ್ಲ ತೊಳೆದುಹೋದೀತು.

ಕೊನೆಯ ಹೊಂದಾಣಿಕೆಗೆ ತಾಳ್ಮೆ ಬೇಕು. ಕೋನನ್ನು ಬೆರಳಿನಿಂದ ತಾಗುವವರೆಗೆ ತಿರುಗಿಸಿ, ಸುಮಾರು ಕಾಲು ಸುತ್ತು ಹಿಂದೆ ತರಬೇಕು. ಲಾಕ್‌ನಟ್ಟು ಬಿಗಿಯುವಾಗ ಅದು ತುಸು ಒಳಕ್ಕೆ ಒತ್ತಲ್ಪಡುತ್ತದೆ. ಮೊದಲ ಸಲವೇ ಸರಿಬರುವುದು ಅಪರೂಪ; ಎರಡು ಮೂರು ಬಾರಿ ಬಿಚ್ಚಿ ಬಿಗಿದರೆ ನಾಚಿಕೆಪಡಬೇಕಾದುದಿಲ್ಲ. ಚೈನು ಏರಿಸುವ ಮುನ್ನ ಗಾಲಿಯನ್ನು ಚೌಕಟ್ಟಿನಲ್ಲಿ ಕೂರಿಸಿ ಮೆಲ್ಲನೆ ತಿರುಗಿಸಿ ಬಿಡಬೇಕು. ವಾಲ್ವಿನ ಅಲ್ಪ ಭಾರಕ್ಕೇ ಅದು ಓಲಾಡಿ, ವಾಲ್ವು ಕೆಳಗೆ ಬಂದು ನಿಂತರೆ, ರಿಮ್ಮನ್ನು ಅಲುಗಿಸಿದರೂ ಸದ್ದಿಲ್ಲದಿದ್ದರೆ, ಕೆಲಸ ಸರಿಯಾಯಿತು. ಬಳಿಕ ಚೈನಿಗೆ ಅರ್ಧ ಅಂಗುಲದಷ್ಟು ಸಡಿಲು ಬಿಟ್ಟು ನಟ್ಟುಗಳನ್ನು ಬಿಗಿಯಬಹುದು.

ಉಪಾಧ್ಯಾಯರು ಮರುದಿನವೇ ಕಮಲಾಪುರದ ದಾರಿ ಹಿಡಿಯುವುದು ಬೇಡ. ಎರಡು ಮೂರು ದಿನ ಕೋಟೆಯ ಸುತ್ತಮುತ್ತಲೇ ಓಡಿಸಿ, ಹೊಸ ಕೋನು ಕೂತುಕೊಂಡ ಮೇಲೆ ಇನ್ನೊಮ್ಮೆ ರಿಮ್ಮನ್ನು ಅಲುಗಿಸಿ ನೋಡಲಿ.