ಪಂಜರದ ಗಿಳಿಗೆ ಎಂಥ ಆಟಿಕೆ?

ಈಗ ಹಳ್ಳಿಗಳಲ್ಲಿಯೂ ಎಷ್ಟೋ ಮನೆಗಳ ಜಗಲಿಯ ಮೇಲೆ ಬಣ್ಣದ ಸಣ್ಣ ಗಿಳಿಗಳ ಪಂಜರ ಕಂಡುಬರುತ್ತದೆ. ‘ಲವ್ ಬರ್ಡ್ಸ್’ ಎಂದು ಮಾರುವ ಇವುಗಳಲ್ಲಿ ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗರ್ ಹಕ್ಕಿಗಳು. (ನಮ್ಮ ಹೊಲಗಳಿಗೆ ಬರುವ ಹಸಿರು ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನು ಮರೆಯಬಾರದು.) ಕಾಳು ನೀರು ತಪ್ಪದೆ ಕೊಟ್ಟರೂ ಹಕ್ಕಿ ಇದ್ದಕ್ಕಿದ್ದಂತೆ ಸೊರಗಿ ಸಾಯುವುದುಂಟು. ಅದರ ಕಾರಣ ಕೆಲವು ವೇಳೆ ಪಂಜರದ ತಂತಿಯಲ್ಲೋ, ಮಕ್ಕಳು ಪ್ರೀತಿಯಿಂದ ತೂಗುಹಾಕಿದ ಗೆಜ್ಜೆಯಲ್ಲೋ ಇರುತ್ತದೆ.

ಗಿಳಿಗೆ ಕೊಕ್ಕೇ ಕೈ. ಸಿಕ್ಕಿದ್ದನ್ನೆಲ್ಲ ಕಚ್ಚಿ, ಕೆರೆದು, ಸಿಗಿದು ನೋಡುವುದು ಅದರ ಹುಟ್ಟುಗುಣ, ತಡೆಯಲಾಗದು, ತಡೆಯಲೂಬಾರದು. ಆದರೆ ಬಜರಿಗರ್ ಹಕ್ಕಿಯ ತೂಕ ಕೇವಲ 30ರಿಂದ 40 ಗ್ರಾಂ. ನಮಗೆ ಲೆಕ್ಕಕ್ಕೇ ಬಾರದ ಒಂದು ಚೂರು ಲೋಹ ಅದರ ಪ್ರಾಣ ತೆಗೆಯಲು ಸಾಕು.

ಮೊದಲು ಸತುವಿನ ವಿಷಯ. ಬತ್ತದ ಗದ್ದೆಯಲ್ಲಿ ಸತುವಿನ ಕೊರತೆ ನೀಗಲು ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟ್ ಹಾಕುವುದನ್ನು ತಾವು ಬಲ್ಲಿರಿ. ಬೆಳೆಗೆ ಬೇಕಾದ ಇದೇ ಸತು, ಹಕ್ಕಿಯ ಹೊಟ್ಟೆಗೆ ಅಳತೆ ಮೀರಿ ಸೇರಿದರೆ ವಿಷವಾಗುತ್ತದೆ. ಬೇಲಿಗೆ, ಕೋಳಿಗೂಡಿಗೆ ಬಳಸುವ ಜಿ.ಐ. ತಂತಿಗೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಹೊಸ ಜಾಲರಿಯನ್ನು ಗಮನಿಸಿದರೆ ಸಣ್ಣ ಗಂಟುಗಳೂ ಸಡಿಲ ಸಿಪ್ಪೆಗಳೂ ಕಾಣುತ್ತವೆ. ತೇವ ತಗುಲಿದ ಕಡೆ ಬಿಳಿ ಪುಡಿ ಏಳುತ್ತದೆ. ಗಿಳಿ ತಂತಿಯನ್ನು ಹಿಡಿದೇ ಹತ್ತಿಳಿಯುವುದರಿಂದ ಇದೆಲ್ಲ ಕೊಕ್ಕಿಗೆ ಸೇರುತ್ತದೆ. ನುಂಗಿದ ಚೂರು ಕಾಳು ಅರೆಯುವ ಗಟ್ಟಿ ಹೊಟ್ಟೆಯಲ್ಲಿ ನಿಂತು, ಅಲ್ಲಿಯ ಆಮ್ಲದಲ್ಲಿ ದಿನವೂ ಸ್ವಲ್ಪ ಸ್ವಲ್ಪ ಕರಗಿ ರಕ್ತಕ್ಕೆ ಸೇರುತ್ತದೆ. ಹೊಸ ಜಾಲರಿಯನ್ನು ವಿನೆಗರ್ ಹಚ್ಚಿದ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ನೀರಿನಲ್ಲಿ ತೊಳೆದು, ಕೆಲವು ವಾರ ಮಳೆ ಬಿಸಿಲಿಗೆ ಬಿಟ್ಟು ಉಪಯೋಗಿಸಿದರೆ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಅನುಕೂಲವಿದ್ದವರು ಸ್ಟೇನ್‌ಲೆಸ್ ಸ್ಟೀಲಿನ ಪಂಜರ ಕೊಳ್ಳುವುದೇ ಲೇಸು. ಹಿತ್ತಾಳೆಯಲ್ಲಿಯೂ ಸತುವಿದೆ ಎಂಬುದು ನೆನಪಿರಲಿ.

ಸೀಸ ಇನ್ನೂ ಕೆಟ್ಟದ್ದು. ಬೀಸುಬಲೆಯ ಗುಂಡು, ಬೆಸುಗೆ ಹಾಕಿದ ಜಾಗ, ಹಳೆಯ ಬಾಗಿಲಿನಿಂದ ಎದ್ದ ಬಣ್ಣದ ಚಕ್ಕೆ ಇವುಗಳಲ್ಲಿ ಸೀಸವಿರಬಹುದು. ಮೆತ್ತಗಿರುವುದರಿಂದ ಗಿಳಿಗೆ ಅದನ್ನು ಕಚ್ಚಲು ಬಲು ಇಷ್ಟ.

ಗೆಜ್ಜೆಯ ಅಪಾಯ ಬೇರೆ ಬಗೆಯದು. ಅದರ ಸೀಳಿನಲ್ಲಿ ಕಾಲ್ಬೆರಳೋ ಕೊಕ್ಕಿನ ತುದಿಯೋ ಸಿಕ್ಕಿಕೊಂಡರೆ ಹಕ್ಕಿ ಗಾಬರಿಯಿಂದ ಒದ್ದಾಡಿ ಕಾಲು ಮುರಿದುಕೊಳ್ಳುತ್ತದೆ. ತಲೆ ತೂರಿ ಹಿಂದಕ್ಕೆ ಬಾರದಷ್ಟು ಅಳತೆಯ ಬಳೆಯೂ, ಕೊಂಡಿ ಬಿಚ್ಚಿದ ಸರಪಳಿಯೂ ಹಾಗೆಯೇ. ಹಗ್ಗದ ಉಯ್ಯಾಲೆ ಹೊಸದರಲ್ಲಿ ಚೆನ್ನ. ಎಳೆ ಬಿಚ್ಚಿದ ಮೇಲೆ ಅದೊಂದು ಉರುಳು. ನೈಲಾನ್ ಎಳೆ ಬೆರಳಿಗೆ ಸುತ್ತಿಕೊಂಡು ರಕ್ತದ ಓಟ ನಿಂತರೆ ಬೆರಳು ಕಪ್ಪಾಗಿ ಒಣಗಿ ಉದುರುತ್ತದೆ. ನುಂಗಿದ ನಾರು ಕುತ್ತಿಗೆಯ ಬುಡದ ಕಾಳುಚೀಲದಲ್ಲಿ ಉಂಡೆಗಟ್ಟುತ್ತದೆ. ಎಳೆ ಬಿಚ್ಚಿದ ಹಗ್ಗವನ್ನು ಆ ದಿನವೇ ತೆಗೆದುಹಾಕತಕ್ಕದ್ದು.

ಬೇಸಾಯಗಾರರ ಮನೆಗೇ ವಿಶೇಷವಾದ ಅಪಾಯವೊಂದಿದೆ. ಪೀಡೆನಾಶಕದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿನ ಬಟ್ಟಲು ಮಾಡಬೇಡಿ. ಅಂಥ ಡಬ್ಬಿಯನ್ನು ಮತ್ತಾವುದಕ್ಕೂ ಬಳಸಕೂಡದು. ಬಿತ್ತಿ ಉಳಿದ, ಔಷಧಿ ಲೇಪಿಸಿದ ಬಣ್ಣದ ಬಿತ್ತನೆ ಜೋಳವನ್ನು ಹಕ್ಕಿಗೆ ಸುರಿಯುವುದೂ ತರವಲ್ಲ.

ಹಾಗಾದರೆ ಏನು ಕೊಡಬೇಕು? ಪೇಟೆಯ ಪ್ಲಾಸ್ಟಿಕ್ಕಿಗಿಂತ ಹಿತ್ತಿಲೇ ಮೇಲು. ಸೀಬೆ ಅಥವಾ ಬೇವಿನ ಕೊಂಬೆಯನ್ನು ತೊಗಟೆಸಹಿತ ತೊಳೆದು ಒಣಗಿಸಿ ಕೂರುಗೋಲು ಮಾಡಿ. ದಪ್ಪ ಒಂದೇ ಸಮನಾಗಿರದಿದ್ದರೆ ಪಾದಕ್ಕೆ ಒಳ್ಳೆಯದು. ಕಣಗಿಲೆಯ ಕಡ್ಡಿ ಖಂಡಿತ ಬೇಡ, ಅದು ವಿಷ. ತೆಂಗಿನ ಕರಟ, ಒಣಗಿದ ಜೋಳದ ದಂಟು, ಬೂಷ್ಟು ಹಿಡಿಯದ ಮೆಕ್ಕೆಜೋಳದ ಬೆಂಡು ಇವನ್ನು ಹಕ್ಕಿ ದಿನವಿಡೀ ಸಿಗಿಯುತ್ತದೆ. ಅಡಕೆ ಹಾಳೆಯೂ ಆದೀತು, ಆದರೆ ಬೋರ್ಡೋ ದ್ರಾವಣ ಬಿದ್ದ ಹಾಳೆ ಬೇಡ, ಅದರಲ್ಲಿ ಮೈಲುತುತ್ತವಿರುತ್ತದೆ.

ಹಕ್ಕಿ ಮೈ ಉಬ್ಬಿಸಿ ತೂಕಡಿಸುವುದು, ಹೆಚ್ಚು ನೀರು ಕುಡಿದು ತೆಳ್ಳಗೆ ಹಿಕ್ಕೆ ಹಾಕುವುದು, ಕಾಳು ಕಕ್ಕುವುದು, ಕಾಲು ನಡುಗಿ ಕೂರುಗೋಲಿನಿಂದ ಬೀಳುವುದು ಕಂಡರೆ ಲೋಹದ ವಿಷವಿರಬಹುದೆಂದು ತಿಳಿಯಿರಿ. ಮನೆಮದ್ದಿಗೆ ಕಾಲ ಕಳೆಯದೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಹೊಟ್ಟೆಯಲ್ಲಿನ ಲೋಹದ ಚೂರು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ರಕ್ತದಿಂದ ಲೋಹವನ್ನು ಹೊರಹಾಕಿಸುವ ಚುಚ್ಚುಮದ್ದೂ ಇದೆ. ಹೋಗುವಾಗ ಕಚ್ಚಿದ ಆಟಿಕೆಯನ್ನೂ ಜಾಲರಿಯ ಒಂದು ತುಂಡನ್ನೂ ಜೊತೆಗೆ ಕೊಂಡೊಯ್ಯಿರಿ.