ಗಾಜಿನೊಳಗೊಂದು ಸಹ್ಯಾದ್ರಿಯ ಹಳ್ಳ

ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್‌ಫಿಶ್‌ಗಳನ್ನೂ ವ್ಯಾಲಿಸ್ನೇರಿಯವೆಂಬ ಜಲಸಸ್ಯವನ್ನೂ ಇರಿಸಿ, ಸಸ್ಯದ ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಅವುಗಳನ್ನು ತಿಂದು ಮುಗಿಸಲೆಂದು ಕೆಲವು ಬಸವನಹುಳುಗಳನ್ನು ಬಿಟ್ಟು, ಹೀಗೆ ಪರಸ್ಪರಾವಲಂಬಿಗಳಾದ ಜೀವಿಗಳು ನಿಂತ ನೀರಿನಲ್ಲಿಯೂ ಆರೋಗ್ಯದಿಂದ ಬಾಳಬಲ್ಲವೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಮತ್ಸ್ಯಾಗಾರವನ್ನು ರಚಿಸಹೊರಟವರು ಇಂದಿಗೂ ಮೊದಲು ಮನಗಾಣಬೇಕಾದುದು ಈ ಪರಸ್ಪರಾವಲಂಬನವನ್ನೇ.

ಅದಕ್ಕೆ ಮಾದರಿಯನ್ನು ಅಮೆಜಾನಿನಲ್ಲಿಯೇ ಅರಸಬೇಕೆಂದೇನೂ ಇಲ್ಲ. ಸಹ್ಯಾದ್ರಿಯ ಕಾಡಿನ ಹಳ್ಳಗಳಲ್ಲಿ ಮಳೆಯ ನೀರು ಸುಣ್ಣದ ಅಂಶ ವಿರಳವಾದ ಕಠಿನ ಶಿಲೆಗಳ ಮೇಲೆ ಹರಿದು ಬರುವುದರಿಂದ ಅದು ಬಹುಮಟ್ಟಿಗೆ ಮೆದುವಾಗಿಯೇ ಉಳಿಯುವುದು. ಆದುದರಿಂದ ಗಡಸಾದ ಕೊಳವೆಬಾವಿಯ ನೀರಿಗೆ ಶುದ್ಧವಾದ ಮಳೆನೀರನ್ನು ಬೆರೆಸುವುದು ಲೇಸು. ತೊಟ್ಟಿಯಲ್ಲಿಡುವ ಕಲ್ಲಿನ ಮೇಲೆ ಆಮ್ಲವನ್ನು ಹನಿಸಿದಾಗ ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿದು ಅದನ್ನು ವರ್ಜಿಸಬೇಕು. ನಯವಾದ ಮರಳು, ಗುಂಡುಕಲ್ಲು, ಚೆನ್ನಾಗಿ ನೆನೆದ ಮರದ ಬೇರು, ಇಷ್ಟು ಸಾಕು.

ಕಣ್ಣಿಗೆ ಕಾಣದ ಕಾರ್ಯವೇ ಇಲ್ಲಿ ಪ್ರಧಾನವಾದುದು. ಮೀನು ತನ್ನ ಕಿವಿರುಗಳ ಮೂಲಕ ವಿಸರ್ಜಿಸುವ ಅಮೋನಿಯವು ಆ ಮೀನಿಗೇ ವಿಷ. ಒಂದು ವರ್ಗದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ವರ್ಗದವು ಆ ನೈಟ್ರೈಟನ್ನು ಅಷ್ಟಾಗಿ ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಕ್ರಿಯೆ ಎರಡು ಹಂತಗಳಲ್ಲಿ ನಡೆಯುವುದೆಂದು ಹೊಲದ ಮಣ್ಣಿನ ಅಧ್ಯಯನದಿಂದ ಕಂಡುಕೊಂಡವರು, ರಾಥಮ್‌ಸ್ಟೆಡ್ ಕೃಷಿಸಂಶೋಧನಾಕೇಂದ್ರದಲ್ಲಿ ದುಡಿದ, ಮೇಲೆ ಹೇಳಿದ ವಾರಿಂಗ್ಟನ್ನರ ಮಗ. ಅವರ ಹೆಸರೂ ರಾಬರ್ಟ್ ವಾರಿಂಗ್ಟನ್ ಎಂದೇ. ತಂದೆಯ ಗಾಜಿನ ಪಾತ್ರೆಯನ್ನು ಕಾಪಾಡಿದ ರಹಸ್ಯದ ಒಂದು ಭಾಗವು ಮಗನ ಕೈಗೆ ಮಣ್ಣಿನಲ್ಲಿ ದೊರೆತದ್ದು ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲೊಂದು. ಈ ಜೀವಿಗಳು ಮರಳಿನಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ನೆಲೆಯೂರಿ ವೃದ್ಧಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಆ ಕಾಲದಲ್ಲಿ ಗಿಡಗಳನ್ನು ನೆಟ್ಟು, ಚಿಟಿಕೆ ಆಹಾರವನ್ನು ಕೊಳೆಯಲು ಬಿಟ್ಟು ಕಾಯಬೇಕಲ್ಲದೆ ಮೀನು ಬಿಡಲಾಗದು. ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತೊಳೆದರೆ ವಾರಗಟ್ಟಲೆಯ ಈ ಸಂಪಾದನೆ ನಾಶವಾಗುವ ಭಯವುಂಟು; ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿದರಾಯಿತು.

ಸಸ್ಯಗಳಲ್ಲಿ ಪಶ್ಚಿಮಘಟ್ಟದ ಹೊಳೆಗಳ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಅತಿ ಯೋಗ್ಯವಾದುದು. ಸ್ಥಳಾಂತರಿಸಿದ ಹೊಸದರಲ್ಲಿ ಅದರ ಎಲೆಗಳು ಕರಗಿಹೋಗಬಹುದಾದರೂ, ಗಿಡ ಸತ್ತಿತೆಂದು ಕಿತ್ತೆಸೆಯಕೂಡದು. ಬೇರಿನಿಂದ ಮತ್ತೆ ಚಿಗುರುವುದು ಅದರ ಸ್ವಭಾವ. ದಿನಕ್ಕೆ ಎಂಟು ಗಂಟೆಯ ಬೆಳಕು ಸಾಲುವುದು. ಹೆಚ್ಚಿದರೆ ಪಾಚಿಗೆ ಅನುಕೂಲ.

ಗುಂಪಿನಲ್ಲಿ ಈಜುವ ಡೆವಾರಿಯೊ ಮಲಬಾರಿಕಸ್, ಕಲ್ಲಿನ ಮೇಲಣ ಪಾಚಿಯನ್ನು ಕೆರೆದು ತಿನ್ನುವ ಗಾರಾ ಮೀನು, ಇವೆರಡೇ ನಾಲ್ಕಡಿ ಉದ್ದದ, ಇನ್ನೂರು ಲೀಟರಿನ ತೊಟ್ಟಿಗೆ ಶೋಭೆ ತರಬಲ್ಲವು. ಮೈಯುದ್ದಕ್ಕೂ ಕೆಂಪು ಕಪ್ಪು ಪಟ್ಟೆಗಳುಳ್ಳ ಡೆನಿಸನ್ ಬಾರ್ಬ್ ಅತಿ ಸುಂದರವಾದರೂ, ಫ್ರಾನ್ಸಿಸ್ ಡೇ 1865ರಲ್ಲಿ ವಿವರಿಸಿದ ಈ ಮೀನು ಮಾರಾಟಕ್ಕಾಗಿ ಹೊಳೆಗಳಿಂದ ಮಿತಿಮೀರಿ ಹಿಡಿಯಲ್ಪಟ್ಟು ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಆದ ಕಾರಣ, ಓದುಗರೇ, ಮೀನನ್ನು ಕೊಳ್ಳುವಾಗ ಅದು ಸಾಕಣೆಯಲ್ಲಿ ಹುಟ್ಟಿದುದೋ ಹೊಳೆಯಿಂದ ಹಿಡಿದುದೋ ಎಂದು ವಿಚಾರಿಸಿ. ಸಾಕಲಾರದೆ ಹೋದರೂ ತೊಟ್ಟಿಯ ಮೀನನ್ನಾಗಲಿ ಗಿಡವನ್ನಾಗಲಿ ಊರಿನ ಕೆರೆಗೆ ಬಿಡದೆ, ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸಿ.