ಗಾಜಿನ ಬೋಗುಣಿಯಲ್ಲಿ ಕುರುಚಲು ಕಾಡು

ಟೆರೇರಿಯಂ ಎಂದರೆ ಗಾಜಿನ ಪಾತ್ರೆಯೊಳಗೆ ಬೆಳೆಸುವ ಪುಟ್ಟ ತೋಟ. ಸಕ್ಯುಲೆಂಟ್ ಎಂದರೆ ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಂಡು ಬದುಕುವ ದಪ್ಪ ಮೈಯ ಗಿಡ. ಅಂಗಡಿಯಲ್ಲಿ ಎರಡೂ ಜೋಡಿಯಾಗಿಯೇ ಸಿಗುತ್ತವೆ, ಆದರೆ ಜಾತಕ ನೋಡಿದರೆ ಕೂಡಿಬರದ ಜೋಡಿ ಇದು. ಗಾಜು ತೇವವನ್ನು ಹಿಡಿದಿಡುತ್ತದೆ. ಸಕ್ಯುಲೆಂಟಿಗೆ ನಿಂತ ತೇವವೇ ಮೃತ್ಯು. ಪಾತ್ರೆಯ ಆಕಾರದಿಂದ ಹಿಡಿದು ಮೇಲೆ ಉದುರಿಸುವ ಕಲ್ಲಿನವರೆಗೆ ಈ ತೋಟದ ವಿನ್ಯಾಸವೆಲ್ಲ ಇವೆರಡನ್ನು ರಾಜಿ ಮಾಡಿಸುವ ಕೆಲಸವೇ.

ಗಾಜಿನ ತೋಟ ಹುಟ್ಟಿದ್ದು ತೇವದಿಂದ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದನ್ನು ಹಸಿ ಮಣ್ಣಿನಲ್ಲಿ ಹೂತು ಬಾಟಲಿಯ ಬಾಯಿ ಮುಚ್ಚಿಟ್ಟ. ಊರಿನ ಕಲ್ಲಿದ್ದಲ ಹೊಗೆಯಲ್ಲಿ ಅವನ ಅಂಗಳದಲ್ಲಿ ಎಷ್ಟು ನೆಟ್ಟರೂ ಬದುಕದಿದ್ದ ಜರೀಗಿಡ ಆ ಬಾಟಲಿಯೊಳಗೆ ತಾನಾಗಿ ಮೊಳೆಯಿತು. ಹಗಲು ಆವಿಯಾದ ನೀರು ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ವಾರ್ಡನ ಗಾಜಿನ ಪೆಟ್ಟಿಗೆಗಳು ಮುಂದೆ ಹಡಗೇರಿದವು. 1848ರ ನಂತರ ರಾಬರ್ಟ್ ಫಾರ್ಚ್ಯೂನ್ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇವುಗಳಲ್ಲೇ. ಮುಚ್ಚಿದ ಜಾಡಿಯಲ್ಲಿ ಜರಿ, ಪಾಚಿ ಇಂದಿಗೂ ಸೊಗಸಾಗಿ ಬೆಳೆಯುತ್ತವೆ. ಸಕ್ಯುಲೆಂಟ್ ಅಲ್ಲಿ ಕೊಳೆಯುತ್ತದೆ.

ಅದರ ಜೀವನಕ್ರಮವೇ ಬೇರೆ. ಬೇರೆ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡರೆ, ಸಕ್ಯುಲೆಂಟ್‌ಗಳಲ್ಲಿ ಬಹುಪಾಲು ಇರುಳಿನಲ್ಲಿ ತೆರೆಯುತ್ತವೆ. ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡು ಅಡುಗೆ ಮಾಡಿಕೊಳ್ಳುತ್ತವೆ. ಇದರ ಸುಳಿವು ಕೊಟ್ಟವರಲ್ಲಿ ಒಬ್ಬನಿಗೆ ಬೆಂಗಳೂರಿನ ನಂಟಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗಿಯೂ ಇರುವುದನ್ನು ನಾಲಗೆಯಿಂದಲೇ ಕಂಡುಕೊಂಡು ಬರೆದ. ಅದು 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಈ ಗಿಡಗಳ ಸಹನೆ ನೋಡಲು ಪ್ರಯೋಗಾಲಯವೇನೂ ಬೇಕಿಲ್ಲ. ದೃಷ್ಟಿ ತಾಗದಿರಲೆಂದು ಅಂಗಡಿ ಬಾಗಿಲಿಗೆ ಬೇರು ಮೇಲಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ನೇತಾಡುತ್ತದೆ. ಅಷ್ಟೇ ಅಲ್ಲ, ತುದಿಯನ್ನು ಮೇಲಕ್ಕೆ ಬಾಗಿಸಿ ಹೊಸ ಎಲೆಯನ್ನೂ ಬಿಡುತ್ತದೆ.

ಬೆಂಗಳೂರಿನ ಹೊಸೂರು ರಸ್ತೆಯ ಬೊಮ್ಮಸಂದ್ರದಂಥ ಕಡೆ ಗಾಜಿನ ಬೋಗುಣಿಗೆ ಬೇಡಿಕೆ ಬರುವುದು ಸಹಜ. ಕಾರ್ಖಾನೆ, ಆಸ್ಪತ್ರೆ, ಪಿ.ಜಿ.ಗಳ ನಡುವೆ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿ ಬಟ್ಟೆ ಒಣಹಾಕುವುದಕ್ಕೇ ಸಾಲದು. ಶಿಫ್ಟಿನಲ್ಲಿ ದುಡಿಯುವವರಿಗೆ ದಿನಾ ನೀರುಣಿಸುವ ಪುರುಸೊತ್ತಿಲ್ಲ. ಹವೆ ಅರ್ಧ ಒಲಿಯುತ್ತದೆ, ಅರ್ಧ ಮುನಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರವಾದ್ದರಿಂದ ರಾತ್ರಿ ತಂಪು. ಮೆಕ್ಸಿಕೋದ ಗುಡ್ಡಗಾಡಿನ ಎಚೆವೇರಿಯಾಕ್ಕೆ ಇದು ಹಿತ. ಜೂನಿನಿಂದ ಅಕ್ಟೋಬರಿನವರೆಗಿನ ತೇವಗಾಳಿ ಮಾತ್ರ ಹಿತವಲ್ಲ. ಸೆಪ್ಟೆಂಬರ್ ಒಂದರಲ್ಲೇ ಬೆಂಗಳೂರಿಗೆ ಸುಮಾರು 200 ಮಿ.ಮೀ. ಮಳೆ ಬೀಳುತ್ತದೆ. ಬೋಗುಣಿಗಳು ಹೆಚ್ಚಾಗಿ ಸಾಯುವ ಕಾಲವೂ ಅದೇ.

ಬೆಳಕಿನ ಲೆಕ್ಕವನ್ನು ಗಿಡ ಕೊಳ್ಳುವ ಮೊದಲೇ ಹಾಕಬೇಕು. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಗೇ ಬಂದು ನೆರಳು ಕಾಲಡಿ ಅಡಗುತ್ತದೆ. ಆ ಎರಡು ದಿನಗಳ ನಡುವೆ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ, ವರ್ಷವೆಲ್ಲ ನೆರಳೆಂದು ನಂಬಿದ್ದ ಉತ್ತರದ ಬಾಲ್ಕನಿಗೂ ಮೇ, ಜೂನ್‌ನಲ್ಲಿ ಬಿಸಿಲು ಇಣುಕುತ್ತದೆ. ಡಿಸೆಂಬರಿನಲ್ಲಿ ಸೂರ್ಯ 54 ಡಿಗ್ರಿಗಿಂತ ಮೇಲೇರದೆ ದಕ್ಷಿಣದ ಕಿಟಕಿಯೊಳಗೆ ಬಹು ದೂರ ಚಾಚುತ್ತಾನೆ. ಗಾಜಿನ ಬೋಗುಣಿಗೆ ಎಳೆಬಿಸಿಲು ಸಿಗುವ ಪೂರ್ವದ ಕಿಟಕಿಯೇ ಲೇಸು. ನಡುಹಗಲಿನ ಬಿಸಿಲಿನಲ್ಲಿ ಒಳಗಾಳಿ ಕಾದು ಎಲೆ ಬೆಂದ ತರಕಾರಿಯಂತಾಗುತ್ತದೆ. ಟ್ಯೂಬ್‌ಲೈಟಿನ ಕಚೇರಿ ಮೇಜು ಇನ್ನೊಂದು ತುದಿ: ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸು ಇದ್ದರೆ ಮೇಜಿನ ಮೇಲೆ ಸಿಗುವುದು 300ರಿಂದ 500. ಅಷ್ಟರಲ್ಲಿ ಎಚೆವೇರಿಯಾ ಕತ್ತು ಉದ್ದ ಮಾಡಿ ಬಣ್ಣಗೆಡುತ್ತದೆ. ಹಾವರ್ಥಿಯಾ, ಗ್ಯಾಸ್ಟೀರಿಯಾಗಳು ದಕ್ಷಿಣ ಆಫ್ರಿಕಾದಲ್ಲಿ ಪೊದೆ, ಬಂಡೆಗಳ ಮರೆಯಲ್ಲಿ ಬೆಳೆದು ಬಂದವಾದ್ದರಿಂದ ಮಬ್ಬಿಗೆ ಹೆಚ್ಚು ಒಗ್ಗುತ್ತವೆ. ಅವುಗಳಿಗೂ ಕಿಟಕಿಯ ಹತ್ತಿರವೇ ಜಾಗ.

ಪಾತ್ರೆಯ ಬಾಯಿ ಎಷ್ಟು ಅಗಲವಾದರೆ ಅಷ್ಟು ಒಳ್ಳೆಯದು. ಕಿರಿದಾದ ಕತ್ತಿನ ಜಾಡಿ, ಗಾಜಿನ ಗುಮ್ಮಟ, ಮುಚ್ಚಳದ ಬಿಸ್ಕತ್ತು ಡಬ್ಬಿ ಚಿತ್ರದಲ್ಲಿ ಚೆಂದ, ಬಳಕೆಯಲ್ಲಿ ಕಷ್ಟ. ಅಡ್ಡಗಲ 25 ಸೆಂ.ಮೀ., ಆಳ ಅದರ ಅರ್ಧ ಇರುವ ತೆರೆದ ಬೋಗುಣಿ ಸಾಕು. ಗಾಳಿಯೂ ಆಡುತ್ತದೆ, ಕೈಯೂ ಹೋಗುತ್ತದೆ.

ಅಡಿಗೆ ಜಲ್ಲಿ ಹಾಸಿದರೆ ಹೆಚ್ಚಿನ ನೀರು ಬಸಿದುಹೋಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ಅರ್ಧ ಸತ್ಯವೂ ಅಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಜಲ್ಲಿಯ ಮೇಲಿಟ್ಟರೆ ಸ್ಪಂಜಿನ ನೀರೆಲ್ಲ ಇಳಿದುಬಿಡುವುದಿಲ್ಲ. ಮಣ್ಣೂ ಹಾಗೆಯೇ: ಸಣ್ಣ ಸಂದಿನಲ್ಲಿ ಹಿಡಿದ ನೀರು ದೊಡ್ಡ ಸಂದಿಗೆ ಸುಲಭವಾಗಿ ಹಾರದು, ಮೇಲಿನ ಪದರ ಪೂರ್ತಿ ನೆನೆದ ಮೇಲಷ್ಟೇ ಹನಿ ಬೀಳುತ್ತದೆ. ತಳದಲ್ಲಿ ತೂತಿಲ್ಲದ ಬೋಗುಣಿಯಲ್ಲಿ ಬಿದ್ದ ಹನಿಗೂ ಹೋಗಲು ದಾರಿಯಿಲ್ಲ. ಆದರೂ ಒಂದು ಬೆರಳು ದಪ್ಪ ಜಲ್ಲಿ ಹಾಕುವುದರಿಂದ ಒಂದು ಲಾಭವಿದೆ. ನೀರು ಹೆಚ್ಚಾಯಿತೆಂದು ಗಾಜಿನ ಹೊರಗಿನಿಂದಲೇ ಕಾಣುತ್ತದೆ.

ನಿಜವಾದ ಕಾವಲು ಮಣ್ಣಿನ ಮಿಶ್ರಣದ್ದು. ಬೆಂಗಳೂರಿನ ಕೆಂಪುಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಇಟ್ಟಿಗೆ. ನರ್ಸರಿಯವರು ಗಿಡ ಕೊಡುವ ಕೋಕೋಪೀಟ್ ನೀರು ಕುಡಿದು ಕೂರುತ್ತದೆ. ಬೇರಿನ ಸುತ್ತಲಿನ ಆ ಉಂಡೆಯನ್ನು ಮೆಲ್ಲಗೆ ಉದುರಿಸಿಯೇ ನೆಡಬೇಕು. ಒಂದು ಪಾಲು ಗೊಬ್ಬರ ಅಥವಾ ಕೋಕೋಪೀಟಿಗೆ ಮೂರು ಪಾಲು ಗಟ್ಟಿ ಕಣ ಇರಲಿ: ಸಣ್ಣ ಜಲ್ಲಿ, ಪುಡಿಮಾಡಿದ ಇಟ್ಟಿಗೆ ಚೂರು, ಸಿಕ್ಕರೆ ಪರ್ಲೈಟ್. ಕಟ್ಟಡ ಕೆಲಸ ನಿಲ್ಲದ ಊರಿನಲ್ಲಿ ಎಂ-ಸ್ಯಾಂಡಿಗೆ ಬರವಿಲ್ಲ, ಆದರೆ ಅದರ ದೂಳು ಬೂದಿಯಂಥದ್ದು. ಬಕೆಟಿನಲ್ಲಿ ನಾಲ್ಕೈದು ಸಲ ತೊಳೆದು, ಬಗ್ಗಡ ಚೆಲ್ಲಿ, ತಳದಲ್ಲಿ ಉಳಿದ ದಪ್ಪ ಕಣವನ್ನಷ್ಟೇ ಬಳಸಬೇಕು.

ಅಲಂಕಾರದ ಮಾತು ಇನ್ನು. ಬಿಳಿ ಬೆಣಚು, ನೀಲಿ ಬಣ್ಣದ ಮರಳು, ಪ್ಲಾಸ್ಟಿಕ್ ಬುದ್ಧ, ಸೇತುವೆ ಮೇಲೊಂದು ಪುಟ್ಟ ಗೊಂಬೆ: ಮಾರುಕಟ್ಟೆಯ ಬೋಗುಣಿಗಳೆಲ್ಲ ಒಂದೇ ಅಚ್ಚಿನವು. ಮಾದರಿ ಬೇಕಿದ್ದರೆ ಬನ್ನೇರುಘಟ್ಟದ ಕಡೆಯ ಬಂಡೆಗುಡ್ಡಗಳು ದೂರವೇನಿಲ್ಲ. ಬೂದು ಬಂಡೆ, ಅದರ ಬಿರುಕಿನಲ್ಲಿ ಕಳ್ಳಿ, ಬುಡದಲ್ಲಿ ಕೆಂಪು ಮಣ್ಣು. ಇದೇ ನೋಟವನ್ನು ಅಂಗೈಯಗಲಕ್ಕೆ ಇಳಿಸಬಹುದು. ಮುಷ್ಟಿಗಾತ್ರದ ಒರಟು ಕಲ್ಲೊಂದನ್ನು ನಡುವಿಗಿಡದೆ ಕೊಂಚ ಪಕ್ಕಕ್ಕೆ, ಮೂರನೇ ಒಂದು ಭಾಗ ಹೂತು ನಿಲ್ಲಿಸಬೇಕು. ಪೂರ್ತಿ ಮೇಲಿಟ್ಟ ಕಲ್ಲು ಯಾರೋ ಮರೆತು ಹೋದದ್ದರಂತೆ ಕಾಣುತ್ತದೆ. ಹಿಂಬದಿಗೆ ಮಿಶ್ರಣ ಏರಿಸಿ ಮುಂಬದಿಗೆ ಇಳಿಜಾರು ಮಾಡಿದರೆ ಕಣ್ಣಿಗೆ ದೂರದ ಭಾವ. ಕಲ್ಲಿನ ಹಿಂದೆ ಮರದಂತೆ ಕವಲೊಡೆದ ಜೇಡ್ ಗಿಡ, ನೆರಳಲ್ಲಿ ಎರಡು ಹಾವರ್ಥಿಯಾ, ಕಲ್ಲಿನ ಅಂಚಿನಿಂದ ಇಳಿಯುವ ಸೀಡಂ. ಇಷ್ಟೇ ಸಾಕು, ನಡುವಿನ ಖಾಲಿ ಜಾಗವೂ ವಿನ್ಯಾಸದ ಪಾಲೇ. ಒಂದೇ ಬೋಗುಣಿಯಲ್ಲಿ ನೀರಿನ ಹಸಿವು ಒಂದೇ ಬಗೆಯದಿರುವ ಗಿಡಗಳನ್ನೇ ಕೂಡಿಸಬೇಕು. ಜರೀಗಿಡವನ್ನು ಕಳ್ಳಿಯ ಪಕ್ಕ ನೆಟ್ಟರೆ ಎರಡರಲ್ಲೊಂದು ಸಾಯುವುದು ಖಚಿತ.

ಗಿಡಕ್ಕಾಗಿ ಲಾಲ್‌ಬಾಗಿನವರೆಗೆ ಹೋಗಿಬರುವುದು ಈಗ ಸಲೀಸು. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ತೆರೆದ ಮೇಲೆ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಒಮ್ಮೆ ರೈಲು ಬದಲಿಸಿದರಾಯಿತು.

ನೆಟ್ಟ ದಿನ ನೀರು ಹಾಕಬಾರದು. ಕಿತ್ತಾಗ ಹರಿದ ಬೇರು ಮಾಯಲು ನಾಲ್ಕೈದು ದಿನ ಬೇಕು. ಆಮೇಲೂ ಕೈ ಬಿಗಿಯಾಗಿರಲಿ. ಮೇಲೆ ಹೇಳಿದ ಅಳತೆಯ ಬೋಗುಣಿಗೆ ಒಂದು ಸಲಕ್ಕೆ ಅರ್ಧ ಕಾಫಿ ಲೋಟ, ಅದೂ ಔಷಧದ ಸಿರಿಂಜಿನಲ್ಲಿ ಗಿಡದ ಬುಡಕ್ಕೆ. ಸ್ಪ್ರೇ ಬೇಡ; ಎಲೆಗಳ ನಡುವೆ ನಿಂತ ಹನಿಯಿಂದಲೇ ಕೊಳೆ ಶುರು. ಬಿದಿರು ಕಡ್ಡಿ ತಳದವರೆಗೆ ಚುಚ್ಚಿ ತೆಗೆದಾಗ ಒಣಗಿಯೇ ಬಂದರೆ ಮಾತ್ರ ಮುಂದಿನ ಸರದಿ: ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಆದೀತು, ಮಳೆಗಾಲದಲ್ಲಿ ತಿಂಗಳಿಗೂ ಬೇಡವಾದೀತು. ಕೊಳವೆಬಾವಿಯ ಗಡಸು ನೀರು ಗಾಜಿನ ಮೇಲೆ ಬಿಳಿ ಪಟ್ಟೆ ಬಿಡುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಉತ್ತಮ, ಮೂಡಿದ ಪಟ್ಟೆ ನಿಂಬೆಹಣ್ಣಿನ ಹೋಳಿಗೆ ಹೋಗುತ್ತದೆ.

ಎಲೆ ಸುಕ್ಕುಗಟ್ಟಿ ತೆಳುವಾದರೆ ಬಾಯಾರಿಕೆ. ಹಳದಿಯಾಗಿ, ಗಾಜಿನಂತೆ ಪಾರಕವಾಗಿ, ಮುಟ್ಟಿದರೆ ಕಳಚಿಬಿದ್ದರೆ ನೀರು ಮಿತಿಮೀರಿದೆ. ಮೊದಲನೆಯದು ಒಂದು ಗುಟುಕಿಗೆ ಸರಿಹೋಗುತ್ತದೆ. ಎರಡನೆಯದಕ್ಕೆ ಗಿಡ ಕಿತ್ತು, ಕಪ್ಪಾದ ಭಾಗ ಕತ್ತರಿಸಿ ಒಣಗಿಸುವುದೊಂದೇ ದಾರಿ. ಎಲೆಯ ಕಂಕುಳಲ್ಲಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆಯನ್ನು ಸರ್ಜಿಕಲ್ ಸ್ಪಿರಿಟ್ ಅದ್ದಿದ ಕಿವಿಕಡ್ಡಿಯಿಂದ ಒರೆಸಿ ತೆಗೆಯಬಹುದು. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಹಾಲುಗಳ್ಳಿ ಜಾತಿಯವು ಬೇಡ, ಅವುಗಳ ಹಾಲು ಕಣ್ಣಿಗೆ ಕೆಟ್ಟದ್ದು. ಕಾಡುಬಸಳೆಯ ಬಳಗವೂ ಸಾಕುಪ್ರಾಣಿಗಳ ಹೊಟ್ಟೆಗೆ ವಿಷ.

ಎರಡು ವರ್ಷದ ಹೊತ್ತಿಗೆ ಜೇಡ್ ಗಿಡ ಗಾಜಿನ ಅಂಚು ದಾಟಿರುತ್ತದೆ. ಆಗ ಅದನ್ನು ತೂತಿರುವ ಮಣ್ಣಿನ ಕುಂಡಕ್ಕೆ ಸಾಗಹಾಕಿ, ಒಂದು ಕೊಂಬೆ ಮುರಿದು, ಗಾಯ ಒಣಗಲು ವಾರ ಬಿಟ್ಟು, ಹೊಸ ಮಿಶ್ರಣದಲ್ಲಿ ಅದೇ ಕಲ್ಲಿನ ಹಿಂದೆ ಊರಿದರೆ ಬೋಗುಣಿ ಮತ್ತೆ ಮೊದಲಿನಳತೆಗೆ ಬರುತ್ತದೆ.